ಮಾದರಿ ಹಡಗಿಗೆ ಹಗ್ಗ ಹೊಸೆಯುವ ಯಂತ್ರ: ಮೊದಲು ಹುರಿಯ ದಿಕ್ಕು ನೋಡಿ

ಹೊಲಿಗೆ ದಾರವನ್ನು ಹಾಗೇ ಮಾದರಿ ಹಡಗಿಗೆ ಕಟ್ಟಿದರೆ ಅದು ದಾರದಂತೆಯೇ ಕಾಣುತ್ತದೆ. ಹಾಯಿಹಡಗಿನ ಸಾಮಾನ್ಯ ಹಗ್ಗಕ್ಕೆ ಮೂರು ಎಳೆ. ಎಳೆಗಳು ಬಲಕ್ಕೆ ಏರುತ್ತವೆ. 1:64ರ (ನಿಜದ 64ನೇ ಒಂದು ಭಾಗದ) ಮಾದರಿಯಲ್ಲೂ ಇದು ಕಣ್ಣಿಗೆ ಬೀಳುತ್ತದೆ. ಹಾಗಾಗಿ ಗೇರು, ಮೋಟಾರು ಹುಡುಕುವ ಮುಂಚೆ ದಾರವನ್ನು ಭೂತಗನ್ನಡಿಯಲ್ಲಿ ನೋಡಿ.

ದಾರವನ್ನು ನೆಟ್ಟಗೆ ಹಿಡಿದಾಗ ಹುರಿಯ ಗೆರೆ ಕೆಳಗಿನಿಂದ ಬಲಕ್ಕೆ ಏರಿದರೆ ಬಲಮುರಿ, ಎಡಕ್ಕೆ ಏರಿದರೆ ಎಡಮುರಿ. ಹೊಲಿಗೆ ದಾರ ಬಹುತೇಕ ಬಲಮುರಿ. ಹೊಸೆಯುವಾಗ ಎಳೆಯ ಹುರಿ ಬಿಗಿಯಾಗಬೇಕು, ಆಗ ಹಗ್ಗ ಅದಕ್ಕೆ ಎದುರು ದಿಕ್ಕಿಗೆ ಸುತ್ತಿಕೊಳ್ಳುತ್ತದೆ. ಅಂದರೆ ಬಲಮುರಿ ದಾರ ಮೂರನ್ನು ಹೊಸೆದರೆ ಸಿಗುವುದು ಎಡಮುರಿ. ಅಂಥ ಮೂರು ಎಡಮುರಿ ಎಳೆಗಳನ್ನು ಮತ್ತೆ ಹೊಸೆದರೆ ಬಲಮುರಿ ಹಗ್ಗ. ಒಂದೇ ಹಂತದಲ್ಲಿ ಮುಗಿಸುವ ಆಸೆಗೆ ಯಂತ್ರವನ್ನು ಉಲ್ಟಾ ತಿರುಗಿಸಿದರೆ ದಾರದ ಸ್ವಂತ ಹುರಿ ಬಿಚ್ಚಿ, ಹಗ್ಗ ಊದಿಕೊಂಡು ಜುಂಗು ಜುಂಗಾಗುತ್ತದೆ. ಎರಡು ಹಂತದ ಶ್ರಮಕ್ಕೆ ಬದಲಿ ಇಲ್ಲ.

ಈಗ ದಪ್ಪ. ಬ್ರಿಟಿಷ್ ನೌಕಾಪಡೆಯ ಪಟ್ಟಿಗಳಲ್ಲಿ ಹಗ್ಗದ ಅಳತೆ ಎಂದರೆ ಇಂಚಿನಲ್ಲಿ ಸುತ್ತಳತೆ, ವ್ಯಾಸವಲ್ಲ. 1817ರಲ್ಲಿ ಬಾಂಬೆಯಲ್ಲಿ ನೀರಿಗಿಳಿದು ಈಗ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿರುವ ತೇಗದ ಹಡಗು ಟ್ರಿಂಕೋಮಲೀಯನ್ನು 1:64ರಲ್ಲಿ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. 8 ಇಂಚಿನ ಹಗ್ಗವನ್ನು 3.14ರಿಂದ ಭಾಗಿಸಿದರೆ ವ್ಯಾಸ ಸುಮಾರು 65 ಮಿ.ಮೀ.; ಮಾದರಿಯಲ್ಲಿ 1 ಮಿ.ಮೀ. ಮೂರು ಎಳೆ ಸೇರಿದಾಗ ವ್ಯಾಸ ಲೆಕ್ಕದಲ್ಲಿ 2.15 ಪಟ್ಟು; ಎಳೆ ಅದುಮಿಕೊಳ್ಳುವುದರಿಂದ 2 ಪಟ್ಟು ಹಿಡಿಯಿರಿ. ಎರಡು ಹಂತಕ್ಕೆ 4 ಪಟ್ಟು, ಅಂದರೆ 0.25 ಮಿ.ಮೀ. ದಾರ ಬೇಕು. ಉಂಡೆಯ ಮೇಲಿನ ನಂಬರು ನಂಬಬೇಡಿ. ದಾರವನ್ನು ಸರಳಿಗೆ ಒತ್ತೊತ್ತಾಗಿ 20 ಸುತ್ತು ಸುತ್ತಿ, ಆ ಅಗಲವನ್ನು 20ರಿಂದ ಭಾಗಿಸಿ. ಪಾಲಿಯೆಸ್ಟರ್ ಒಳ್ಳೆಯದು. ಹತ್ತಿ ತೇವ ಹೀರುತ್ತದೆ, ಕರಾವಳಿಯ ಮಳೆಗಾಲದಲ್ಲಿ ಕಟ್ಟಿದ ಹಗ್ಗ ಬಿಗಿಯುವುದು, ಸಡಿಲುವುದು ತಪ್ಪದು.

ಯಂತ್ರದ ತಲೆಗೆ 6 ಮಿ.ಮೀ. ಅಕ್ರಿಲಿಕ್ ಅಥವಾ ಪ್ಲೈವುಡ್‌ನ ಎರಡು ಹಲಗೆ. ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಮಾಡಿಯೇ ತೂತು ಕೊರೆಯಿರಿ, ಇಲ್ಲದಿದ್ದರೆ ಗೇರು ಕೂರುವ ಸರಳುಗಳು ಓರೆಯಾಗುತ್ತವೆ. ನಡುವೆ ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 1ರ 40 ಹಲ್ಲಿನ ಗೇರು, ಸುತ್ತ 20 ಹಲ್ಲಿನವು. ಕೇಂದ್ರದಿಂದ ಕೇಂದ್ರಕ್ಕೆ 30 ಮಿ.ಮೀ. ನಡುವಿನ ಗೇರಿಗೆ ಕೂಡಿರುವುದರಿಂದ ಸುತ್ತಲಿನ ಎಲ್ಲವೂ ಒಂದೇ ದಿಕ್ಕಿಗೆ ತಿರುಗುತ್ತವೆ. 0, 90, 120, 180, 240, 270 ಡಿಗ್ರಿಗಳಲ್ಲಿ ಆರು ತೂತು ಹಾಕಿದರೆ ಮೂರೆಳೆಗೂ ನಾಲ್ಕೆಳೆಗೂ ಒಂದೇ ತಲೆ ಸಾಕು. ಸರಳು 3 ಮಿ.ಮೀ., ಬೇರಿಂಗ್ 623 (ಒಳತೂತು 3 ಮಿ.ಮೀ.). ಗೇರಿನ ತೂತು ದೊಡ್ಡದಿದ್ದರೆ ಹಿತ್ತಾಳೆ ಬುಷ್ ಕೂರಿಸಿ. ಎಳೆತವೆಲ್ಲ ಸರಳಿನ ಮೇಲೆ ಬೀಳುತ್ತದೆ, ಆದ್ದರಿಂದ ಗೇರಿಗೂ ಮುಂದಿನ ಹಲಗೆಗೂ ನಡುವೆ ವಾಷರ್ ಇರಲಿ. ಸರಳಿನ ತುದಿಯ ಕೊಕ್ಕೆ ಅಕ್ಷದ ಮೇಲೆಯೇ ಬರುವಂತೆ ಬಗ್ಗಿಸಿ, ಒಂದು ಮಿ.ಮೀ. ಆಚೆ ಈಚೆ ಆದರೂ ಎಳೆ ಕುಣಿಯುತ್ತದೆ.

ಎದುರು ತುದಿಯಲ್ಲಿ ಹಳಿಯ ಮೇಲೆ ಓಡುವ ಸಣ್ಣ ಬಂಡಿ, ಅದರಲ್ಲಿ ಒಂದೇ ಕೊಕ್ಕೆ, ಅದು ಸಲೀಸಾಗಿ ತಿರುಗಲು ಮೀನಿನ ಗಾಳದ ಬಾಲ್‌ಬೇರಿಂಗ್ ಸ್ವಿವೆಲ್. ಬಂಡಿಯನ್ನು ಹಿಂದಕ್ಕೆಳೆಯಲು ಪುಲ್ಲಿ ಮೇಲಿನಿಂದ ತೂಗುವ ತೂಕ. 200 ಗ್ರಾಂನಿಂದ ಶುರುಮಾಡಿ. ತೂಕ ಕಡಿಮೆಯಾದರೆ ಎಳೆ ಗಂಟುಗಂಟಾಗಿ ಸುರುಳಿ ಹಾಕುತ್ತದೆ, ಹೆಚ್ಚಾದರೆ ಹಗ್ಗ ತಂತಿಯಂತೆ ಬಿರುಸಾಗುತ್ತದೆ. ಹೊಸೆಯುವಾಗ ಉದ್ದ ಕಡಿಮೆಯಾಗುವುದರಿಂದ ಹಂತಕ್ಕೆ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿ: 1 ಮೀಟರ್ ಹಗ್ಗಕ್ಕೆ 2.25 ಮೀಟರ್ ದಾರ, ಹಾಗಾಗಿ ಹಳಿ ಎರಡೂವರೆ ಮೀಟರ್. ಇಂಗ್ಲೆಂಡಿನ ಚಾಥಮ್‌ನ ಹಗ್ಗದ ಮನೆ 346 ಮೀಟರ್ ಉದ್ದ ಇದೆ. ಇಡೀ ಎಳೆಯನ್ನು ನೇರವಾಗಿ ಚಾಚಿಯೇ ಹೊಸೆಯಬೇಕಾದ್ದರಿಂದ ಅಷ್ಟು ಜಾಗ ಬೇಕಾಯಿತು.

ಇನ್ನೊಂದು ಭಾಗ ಟಾಪ್, ಎಳೆಗಳು ಹೆಣೆದುಕೊಳ್ಳುವ ಜಾಗದವರೆಗೆ ಅವನ್ನು ಬೇರೆಬೇರೆ ಇಡುವ ತುಂಡು. 15 ಮಿ.ಮೀ. ದಪ್ಪ, 25 ಮಿ.ಮೀ. ಉದ್ದದ ಮರದ ಶಂಕು. ಪಕ್ಕದಲ್ಲಿ ಉದ್ದಕ್ಕೆ ಮೂರು ತೋಡು, ಒಂದೊಂದರಲ್ಲಿ ಒಂದೊಂದು ಎಳೆ ಕೂರುತ್ತದೆ; ತೋಡಿಗೆ ಮೇಣ ಸವರಿ. ಕಿರಿದಾದ ತುದಿ ಬಂಡಿಯ ಕಡೆಗಿರಲಿ.

ಒಂದೇ ಉಂಡೆಯ ದಾರವನ್ನು ತಲೆಯ ಕೊಕ್ಕೆಗೂ ಬಂಡಿಗೂ ಕಡಿಯದೆ ಸುತ್ತಿ ತನ್ನಿ; ಬಿಗಿ ಸಮವಾಗುತ್ತದೆ. ಆಮೇಲೆ ಪ್ರತಿ ಕೊಕ್ಕೆಗೆ ಒಂದೊಂದು ಎಳೆ ಕಟ್ಟಿ, ಮಿಕ್ಕದ್ದನ್ನು ಕತ್ತರಿಸಿ. ಒಂದು ಎಳೆ ಸಡಿಲವಿದ್ದರೆ ಅದು ಉಳಿದೆರಡರ ಮೇಲೆ ಬಳ್ಳಿಯಂತೆ ಹಬ್ಬುತ್ತದೆ, ಆ ಹಗ್ಗ ಸರಿಮಾಡಲು ಬಾರದು. ಸ್ವಿವೆಲ್ ತಿರುಗದಂತೆ ಪಿನ್ ಹಾಕಿ, ತಲೆಯ ನಡುವಿನ ಗೇರನ್ನು ಡ್ರಿಲ್ಲಿಗೆ ಕೂಡಿಸಿ ದಾರ ಬಿಗಿಯುವ ಕಡೆ ನಿಧಾನವಾಗಿ ತಿರುಗಿಸಿ. ಬಂಡಿ ಮೀಟರಿಗೆ 8–10 ಸೆಂ.ಮೀ. ಮುಂದೆ ಬಂದಾಗ ನಿಲ್ಲಿಸಿ, ತಲೆ ಎಷ್ಟು ಸುತ್ತು ತಿರುಗಿತೆಂದು ಬರೆದಿಟ್ಟುಕೊಳ್ಳಿ. ಪಿನ್ ತೆಗೆದ ಕೂಡಲೇ ಬಂಡಿಯ ಕೊಕ್ಕೆ ತಿರುಗಿ, ಟಾಪಿನ ಹಿಂದೆ ಹಗ್ಗ ಮೂಡತೊಡಗುತ್ತದೆ. ಸಣ್ಣ ದಾರಕ್ಕೆ ಸ್ವಿವೆಲ್ ತಿರುಗಿಸುವ ಶಕ್ತಿ ಸಾಲದಿದ್ದರೆ, ಅದು ಯಾವ ಕಡೆ ತಿರುಗಲು ಎಳೆಯುತ್ತದೋ ಆ ಕಡೆಗೆ ಬೆರಳಿನಿಂದ ತಿರುಗಿಸಿ. ತಲೆಯನ್ನೂ ಮುಂಚಿನ ದಿಕ್ಕಿಗೇ ತಿರುಗಿಸುತ್ತಿರಿ. ಟಾಪನ್ನು ಒಂದೇ ವೇಗದಲ್ಲಿ ಬಿಡಿ: ಬೇಗ ಓಡಿದರೆ ಹೆಣಿಗೆ ಉದ್ದ, ಸಡಿಲ, ತಡೆದರೆ ಗಟ್ಟಿ.

ಮೂರು ಎಳೆ ತಯಾರಾದ ಮೇಲೆ ಡ್ರಿಲ್ಲನ್ನು ರಿವರ್ಸ್‌ಗೆ ಹಾಕಿ ಅದೇ ಕೆಲಸ ಮತ್ತೊಮ್ಮೆ. ಬಿಚ್ಚುವ ಮುಂಚೆ ಎರಡು ತುದಿಗೂ ಸಣ್ಣ ದಾರ ಸುತ್ತಿ ಒಂದು ಹನಿ ಅಂಟು. ಹಗ್ಗವನ್ನು ಸಡಿಲ ಬಿಟ್ಟಾಗ ಕುಣಿಕೆಯಾಗಿ ಮಡಚಿಕೊಂಡರೆ ಹುರಿ ಉಳಿದಿದೆ ಎಂದರ್ಥ. ತುದಿಯನ್ನು ತಿರುಗಲು ಬಿಟ್ಟು, ರಾತ್ರಿಯಿಡೀ ತೂಕ ಕಟ್ಟಿ ನೇತುಹಾಕಿ.

ನಾಲ್ಕೆಳೆಯಲ್ಲಿ ನಡುವೆ ಖಾಲಿ ಉಳಿಯುತ್ತದೆ, ಎಳೆಯ ವ್ಯಾಸದ 0.41ರಷ್ಟು. ಅಲ್ಲಿ ಒಂದು ತೆಳು ದಾರವನ್ನು ಟಾಪಿನ ನಡುತೂತಿನಿಂದ ತುಂಬಿಸದಿದ್ದರೆ ಹಗ್ಗ ಒಂದು ಕಡೆ ಕುಸಿಯುತ್ತದೆ. ಲಂಗರಿನ ಹಗ್ಗಕ್ಕೆ ಮೂರು ಬಲಮುರಿ ಹಗ್ಗಗಳನ್ನು ಇನ್ನೊಮ್ಮೆ ಹೊಸೆಯಬೇಕು; ಅದು ಎಡಮುರಿಯಾಗಿಯೇ ಬರಬೇಕು, ನಿಜವಾದ ಹಡಗಿನಲ್ಲೂ ಹಾಗೇ ಇತ್ತು.