ಮುಂದಿನ ಚಕ್ರದ ಬೇರಿಂಗ್: ಸುತ್ತಿಗೆಗಿಂತ ಪ್ರೆಸ್ ಲೇಸು

ಮಳೆಗಾಲ ಮುಗಿಯುತ್ತಿದ್ದಂತೆ ಮಲೆನಾಡಿನ ಕಾರುಗಳಲ್ಲಿ ಮುಂದಿನ ಚಕ್ರದ ಬೇರಿಂಗ್ ಗುಂಯ್‌ಗುಡಲು ತೊಡಗುವುದು ಹೊಸತೇನಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯ ಒಳರಸ್ತೆಗಳಲ್ಲಿ ಮೋರಿ ಉಕ್ಕಿ ಹರಿಯುವ ಕೆಂಪು ನೀರಿನಲ್ಲಿ ಗಾಡಿ ಹಾಯಿಸುತ್ತಲೇ ಇದ್ದರೆ, ಸವೆದ ಸೀಲಿನ ಸಂದಿನಿಂದ ನೀರು ಒಳಗಿಳಿದು ಗ್ರೀಸು ಕೆಡುತ್ತದೆ. ಬಳಿಕ ಗುಂಡುಗಳು ಉರುಳುವ ಹಾದಿಯಲ್ಲಿ ಕುಳಿಗಳೇಳುತ್ತವೆ. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರದ ಮೇಲೆ ಬೀಳುವುದರಿಂದ, ಆಗ ಸದ್ದು ಏರಿದರೆ ಬಲಗಡೆಯ ಬೇರಿಂಗನ್ನೇ ಮೊದಲು ಶಂಕಿಸಬೇಕು. ನಮ್ಮ ಚಿಕ್ಕ ಕಾರಿನಲ್ಲಿ ಈಚೆಗೆ ಬಿಚ್ಚಿದ್ದೂ ಬಲಗಡೆಯದನ್ನೇ.

ಚಕ್ರ ತಿರುಗಿಸುವ ಶಾಫ್ಟಿನ ತುದಿಗೆ ಹಾಕಿದ ಆಕ್ಸಲ್ ನಟ್ಟಿನ ಅಂಚನ್ನು ಆ ಶಾಫ್ಟಿನ ಕಚ್ಚಿಗೆ ಬಡಿದು ಮಡಿಸಿರುತ್ತಾರೆ. ಅದನ್ನು ಉಳಿಯಿಂದ ಎಬ್ಬಿಸಿ, ಚಕ್ರ ಇನ್ನೂ ನೆಲದ ಮೇಲಿರುವಾಗಲೇ ಉದ್ದನೆಯ ಹಿಡಿ ಹಾಕಿ ಸಡಿಲಿಸಿಕೊಳ್ಳುವುದು ಸುಲಭ. ಆಮೇಲೆ ಜ್ಯಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಬ್ರೇಕ್ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ನೇತಾಡಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಡಿಸ್ಕ್, ಸ್ಟಿಯರಿಂಗ್ ರಾಡಿನ ತುದಿ, ಕೆಳಗಿನ ಬಾಲ್ ಜಾಯಿಂಟ್ ಬಿಚ್ಚಿದರೆ, ನಕಲ್ಲನ್ನು (ಬೇರಿಂಗ್ ಕೂರುವ ಲೋಹದ ಗೂಡು) ಸ್ಟ್ರಟ್ಟಿಗೆ (ಸ್ಪ್ರಿಂಗ್ ಹೊತ್ತ ಕಂಬ) ಹಿಡಿದಿಟ್ಟ ಎರಡು ಬೋಲ್ಟುಗಳಷ್ಟೇ ಉಳಿಯುತ್ತವೆ. ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಚಕ್ರದ ವೇಗ ಅಳೆಯುವ ಸೆನ್ಸರ್ ಮೊದಲೇ ಕಳಚಿಡುವುದು ಕ್ಷೇಮ. ಶಾಫ್ಟನ್ನು ಹೊರಕ್ಕೆ ಎಳೆಯಬಾರದು, ಎಳೆದರೆ ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಒಳಗೇ ಕಳಚಿಕೊಂಡೀತು. ಚಕ್ರ ಕೂರುವ ಹಬ್ಬನ್ನೇ ಶಾಫ್ಟಿನಿಂದ ಹೊರಕ್ಕೆ ಸರಿಸಬೇಕು.

ಇಲ್ಲಿಂದ ಮುಂದಿನದಕ್ಕೆ ಮನೆಯಂಗಳದಲ್ಲಿ ಸುತ್ತಿಗೆ ಹಿಡಿದು ಕೂರುವವರನ್ನು ಕಂಡಿದ್ದೇನೆ, ನನಗದು ಒಪ್ಪಿಗೆಯಿಲ್ಲ. ನಕಲ್ಲನ್ನು ಇಡಿಯಾಗಿ ಗೋಣಿಚೀಲದಲ್ಲಿ ಹಾಕಿಕೊಂಡು ಶಿವಮೊಗ್ಗದ ಲೇತ್ ಅಂಗಡಿಗೆ ಒಯ್ದರೆ, ಪ್ರೆಸ್ಸಿನ (ಒತ್ತುಯಂತ್ರದ) ಅಡಿ ಹಬ್ ಸರಿಯಾಗಿ ನೇರಕ್ಕೆ ಇಳಿಯುತ್ತದೆ. ಆದರೆ ಇಳಿಯುವಾಗ ಬೇರಿಂಗಿನ ಒಳರೇಸಿನ (ಒಳಗಿನ ಬಳೆಯ) ಅರ್ಧವನ್ನು ತನ್ನ ಕೊರಳಿಗೇ ಕಚ್ಚಿಸಿಕೊಂಡು ಬರುವುದುಂಟು. ನಮ್ಮದರಲ್ಲೂ ಹಾಗೇ ಆಯಿತು. ಕಚ್ಚಿ ಎಳೆಯುವ ಪುಲ್ಲರಿನ ಕಾಲು ಅದರ ಅಂಚಿಗೆ ಹತ್ತದಿದ್ದಾಗ, ಕೆಲಸಗಾರರು ಕನ್ನಡಕ ಧರಿಸಿ ಗ್ರೈಂಡರಿನಿಂದ ರೇಸಿನ ಮೇಲೆ ಓರೆಯಾದ ಗೀಟು ಕೊರೆದರು, ಹಬ್ಬಿಗೆ ತಾಗಲು ಕೂದಲೆಳೆಯಷ್ಟು ಬಾಕಿಯಿರುವಾಗ ನಿಲ್ಲಿಸಿ, ಉಳಿಯಿಟ್ಟು ಒಂದೇ ಏಟು ಕೊಟ್ಟರು. ಟಣ್ಣೆಂದು ಸೀಳಿತು, ಬೆರಳಲ್ಲೇ ಜಾರಿ ಬಂತು.

ನಕಲ್ಲಿನೊಳಗೆ ತಡೆದಿಡುವ ಸರ್ಕ್ಲಿಪ್ ಬಳೆ ತೆಗೆದು ಹೊರಗೊತ್ತಿದ ಹಳೆಯ ಬೇರಿಂಗ್ ಮತ್ತೆ ಬಳಕೆಗೆ ಬಾರದು, ಏಕೆಂದರೆ ಬಿಚ್ಚುವ ಬಲವೆಲ್ಲ ಗುಂಡುಗಳ ಮೂಲಕವೇ ಹಾದಿರುತ್ತದೆ. ಇದೇ ಕಾರಣಕ್ಕೆ ಹೊಸತನ್ನು ನಕಲ್ಲಿಗೆ ಕೂರಿಸುವಾಗ ಹೊರರೇಸನ್ನು ಮಾತ್ರ ಒತ್ತಬೇಕು. ಹಬ್ಬನ್ನು ಒಳಗೊತ್ತುವಾಗ ಒಳರೇಸಿಗೆ ಕೆಳಗಿನಿಂದ ಆಧಾರ ಕೊಡಬೇಕು. ಸೀಲಿನಲ್ಲೇ ಅಯಸ್ಕಾಂತದ ಪಟ್ಟಿಯಿರುವ ಬೇರಿಂಗಾದರೆ, ಆ ಮುಖ ಸೆನ್ಸರಿನ ಕಡೆಗಿರಬೇಕು.

ಜೋಡಿಸುವಾಗ ಹೊಸ ಆಕ್ಸಲ್ ನಟ್ಟನ್ನೇ ಹಾಕಿ, ಒಬ್ಬರು ಬ್ರೇಕ್ ತುಳಿದಿರಲು, ಚಕ್ರಕ್ಕೆ ಭಾರ ಬೀಳುವ ಮೊದಲೇ ಕೈಪಿಡಿಯಲ್ಲಿರುವ ಬಿಗಿಗೆ ಟಾರ್ಕ್ ಪಾನಾದಿಂದ ತಿರುಗಿಸಿ, ಅಂಚನ್ನು ಮಡಿಸಬೇಕು. ಸ್ಟ್ರಟ್ಟಿನ ಬೋಲ್ಟ್ ಬಿಚ್ಚಿದ್ದರಿಂದ ವೀಲ್ ಅಲೈನ್‌ಮೆಂಟನ್ನೂ ಅದೇ ವಾರ ನೋಡಿಸಿದೆ.