ಹತ್ತೂವರೆಗೆ ಪ್ರಮಾಣ, ನಸುಕಿಗೆ ಸಹಿ

ಅಮೆರಿಕದ ಹೊಸ ಅಧ್ಯಕ್ಷರು ಯಾವ ಹೊತ್ತಿಗೆ ಅಧಿಕಾರಕ್ಕೆ ಬರಬೇಕೆಂದು ಅಲ್ಲಿನ ಸಂವಿಧಾನವೇ ಗಳಿಗೆ ಇಟ್ಟಿದೆ: ಜನವರಿ 20, ಮಧ್ಯಾಹ್ನ 12. ಮೊದಲು ಮಾರ್ಚ್ 4 ಇತ್ತು, 1933ರ 20ನೇ ತಿದ್ದುಪಡಿ ಅದನ್ನು ಹಿಂದಕ್ಕೆ ತಂದಿತು. ಚಳಿಗಾಲದಲ್ಲಿ ನಾವು ವಾಷಿಂಗ್ಟನ್ನಿಗಿಂತ ಹತ್ತೂವರೆ ಗಂಟೆ ಮುಂದಿರುತ್ತೇವೆ. ಅಂದರೆ ಮಂಗಳೂರಿನಲ್ಲಿ ಅದು ರಾತ್ರಿ 10.30. ಪತ್ರಿಕೆಯ ಡೆಸ್ಕಿನಲ್ಲಿ ಕೂತವರಿಗೆ ಇದಕ್ಕಿಂತ ಕೆಟ್ಟ ಹೊತ್ತಿಲ್ಲ. ದೂರದ ಊರುಗಳ ಪುಟ ಆಗಲೇ ಪ್ರೆಸ್ಸಿಗೆ ಇಳಿದಿರುತ್ತದೆ, ನಗರದ ಪುಟಕ್ಕೆ ಇನ್ನೊಂದೂವರೆ ಗಂಟೆ ಸಿಕ್ಕಿದರೆ ಪುಣ್ಯ.

2025ರ ಜನವರಿ 20, ಸೋಮವಾರ ರಾತ್ರಿ ಹೀಗೇ ಆಯಿತು. ವಿಪರೀತ ಚಳಿ ಎಂದು ಸಮಾರಂಭವನ್ನು ಕ್ಯಾಪಿಟಲ್ ಕಟ್ಟಡದ ಗುಮ್ಮಟದಡಿಗೆ ಸಾಗಿಸಿದ್ದರು. 1985ರಲ್ಲಿ ರೇಗನ್ ಕಾಲದಲ್ಲಿ ಹಾಗೆ ಮಾಡಿದ್ದು ಬಿಟ್ಟರೆ ಮತ್ತೆ ಇದೇ. ಒಳಗೆ ಟ್ರಂಪ್ ಪ್ರಮಾಣ ಸ್ವೀಕರಿಸುವುದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿ ಏಜೆನ್ಸಿಯಲ್ಲಿ ಇನ್ನೊಂದು ಕಾಪಿ ಬಿತ್ತು. ಹೊರಡುತ್ತಿದ್ದ ಬೈಡನ್ ತಮ್ಮ ಒಡಹುಟ್ಟಿದವರಿಗೆ, ಮೊಕದ್ದಮೆ ಬೀಳುವ ಮುಂಚಿತವಾಗಿಯೇ, ಕ್ಷಮಾದಾನ ಕೊಟ್ಟಿದ್ದರು. ಕೋವಿಡ್ ಕಾಲದ ವೈದ್ಯಾಧಿಕಾರಿ ಆಂಥನಿ ಫೌಚಿ, ಸೇನಾಪಡೆಗಳ ಹಿಂದಿನ ಮುಖ್ಯಸ್ಥ ಜನರಲ್ ಮಾರ್ಕ್ ಮಿಲಿ ಮೊದಲಾದವರಿಗೆ ಕೊಟ್ಟ ಸುದ್ದಿ ಅದಕ್ಕೂ ಮೊದಲೇ ಬಂದಿತ್ತು. ಎಲ್ಲವೂ ನಗರದ ಪುಟಕ್ಕೆ ಸಿಕ್ಕಿತು. ಆದರೆ ಕ್ಯಾಪಿಟಲ್ ಮೇಲಿನ 2021ರ ಜನವರಿ 6ರ ದಾಳಿಯ ಸುಮಾರು 1,500 ಆರೋಪಿ, ಅಪರಾಧಿಗಳಿಗೆ ಟ್ರಂಪ್ ಕ್ಷಮೆ ಕೊಟ್ಟ ಸಹಿ ಬಿದ್ದದ್ದು ಅಲ್ಲಿನ ಸಂಜೆ, ನಮ್ಮ ನಸುಕು. ಅಷ್ಟೊತ್ತಿಗೆ ಹಂಪನಕಟ್ಟೆಯಲ್ಲಿ ಹುಡುಗರು ಪೇಪರ್ ಜೋಡಿಸುತ್ತಿದ್ದರು.

ಹೀಗಾಗಿ 21ರ ಬೆಳಿಗ್ಗೆ ಪತ್ರಿಕೆ ಮಾತ್ರ ಓದಿದವರಿಗೆ ಬೈಡನ್ ಕ್ಷಮೆ ಗೊತ್ತು, ಟಿವಿ ಮಾತ್ರ ನೋಡಿದವರಿಗೆ ಟ್ರಂಪ್ ಕ್ಷಮೆ ಗೊತ್ತು. 22ರ ಪುಟದಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಬಹುದಿತ್ತು. ಹಾಕುವುದಿಲ್ಲ, ಯಾಕೆಂದರೆ ಮೊದಲನೆಯದು ಆಗಲೇ ‘ಹಳೇ ಸುದ್ದಿ’. ಏಕಪಕ್ಷೀಯ ಎಂದು ಜನ ಬೈಯುವುದರಲ್ಲಿ ಅರ್ಧ ಪಾಲು ಗಡಿಯಾರದ್ದೇ ತಪ್ಪು. ಉಳಿದರ್ಧಕ್ಕೆ ಆ ನೆಪ ಇಲ್ಲ.

ಶಬ್ದಗಳನ್ನೇ ನೋಡಿ. ಜನವರಿ 6ರ ದಾಳಿ ಮಾಡಿದವರಿಗೆ ಏಜೆನ್ಸಿ ಕಾಪಿಯಲ್ಲಿ ‘ರಯಟರ್ಸ್’ (rioters) ಎಂದಿತ್ತು, ಟ್ರಂಪ್ ಬಾಯಲ್ಲಿ ಅವರೇ ‘ಹಾಸ್ಟೇಜಸ್’. ಕನ್ನಡಕ್ಕೆ ಬರುವಾಗ ದಂಗೆಕೋರರು, ಪ್ರತಿಭಟನಕಾರರು, ಬೆಂಬಲಿಗರು, ಒತ್ತೆಯಾಳುಗಳು ಎಂಬ ನಾಲ್ಕೂ ತಲೆಬರಹಗಳು ಸಿದ್ಧ. ಯಾವುದನ್ನು ಆರಿಸಿದಿರಿ ಎನ್ನುವಲ್ಲಿಗೆ ಸಂಪಾದಕೀಯ ಬರೆದು ಮುಗಿಯಿತು. ಇನ್ನು, 14 ಮಂದಿಗೆ ಸಿಕ್ಕಿದ್ದು ಕ್ಷಮೆಯಲ್ಲ, ಶಿಕ್ಷೆ ಕಡಿತ. ಕ್ಷಮಾದಾನ ಕೊಟ್ಟರೆ ಅಪರಾಧಕ್ಕೇ ಕ್ಷಮೆ. ಕಡಿತವಾದರೆ ಜೈಲಿನಿಂದ ಹೊರಗೆ ಬರುತ್ತಾರೆ, ಅಪರಾಧಿ ಎಂಬ ತೀರ್ಪು ಹಾಗೇ ಉಳಿಯುತ್ತದೆ. ಒಂದೇ ಸಾಲಿನ ಈ ವ್ಯತ್ಯಾಸ ಎರಡೂ ಕಡೆಯವರ ಕಥೆಗೆ ಅಡ್ಡ ಬರುತ್ತದೆ. ಹಾಗಾಗಿ ಎರಡೂ ಕಡೆ ಕತ್ತರಿ.

ಬೆಳಗಿನ ಚಾನೆಲ್‌ಗಳದ್ದು ಬೇರೆಯೇ ಲೋಕ. ಸಭೆಯಲ್ಲಿ ಇಲಾನ್ ಮಸ್ಕ್ ಕೈ ಎತ್ತಿದ ಕೆಲವೇ ಸೆಕೆಂಡಿನ ತುಣುಕು ತಿರುಗಾ ಮುರುಗಾ ಓಡಿತು. ಒಬ್ಬರಿಗೆ ಅದು ನಾಜಿ ಸಲಾಮು, ಇನ್ನೊಬ್ಬರಿಗೆ ಉತ್ಸಾಹ. ಟ್ರಂಪ್ ಬೈಬಲ್ ಮೇಲೆ ಕೈ ಇಡಲಿಲ್ಲ ಎಂದು ಒಂದು ಪ್ಯಾನೆಲ್ ಚರ್ಚೆ ಕೂತಿತು. ಸಂವಿಧಾನ ಕೇಳುವುದು 35 ಪದಗಳ ಪ್ರಮಾಣವನ್ನು ಮಾತ್ರ, ಪುಸ್ತಕವನ್ನಲ್ಲ. 1901ರಲ್ಲಿ ಥಿಯೊಡರ್ ರೂಸ್‌ವೆಲ್ಟ್ ಬೈಬಲ್ ಇಲ್ಲದೆಯೇ ಮುಗಿಸಿದ್ದರು. ಇದನ್ನು ಹೇಳಿದರೆ ಅರ್ಧ ಗಂಟೆಯ ಚರ್ಚೆ ಅರ್ಧ ನಿಮಿಷಕ್ಕೆ ಮುಗಿದೀತಲ್ಲ! ನಮ್ಮವರಿಗೆ ಮೂರನೆಯ ಪಕ್ಷವೂ ಒಂದುಂಟು: ವಿದೇಶಾಂಗ ಸಚಿವ ಜೈಶಂಕರ್ ಮೊದಲ ಸಾಲಿನಲ್ಲಿ ಕೂತ ಚಿತ್ರ. ಅದಕ್ಕೆ ಕೆಂಪು ವೃತ್ತ, ಬಾಣದ ಗುರುತು, ಹಿನ್ನೆಲೆಗೆ ಚೆಂಡೆ ಒಂದು ಕಡಿಮೆ. ತಾಳಮದ್ದಳೆ ಕೇಳಿ ಬೆಳೆದ ಊರು ಇದು. ಎದುರು ಅರ್ಥಧಾರಿಗೆ ಮಾತೇ ಕೊಡದೆ ಕೃಷ್ಣನೊಬ್ಬನೇ ರಾತ್ರಿಯಿಡೀ ಮಾತಾಡಿದರೆ ಇಲ್ಲಿನವರು ಚಾಪೆ ಮಡಚಿ ಎದ್ದಾರು. ಟಿವಿ ಮುಂದೆ ಮಾತ್ರ ಯಾಕೋ ಕೂತೇ ಇರುತ್ತಾರೆ.

ಇಷ್ಟರ ನಡುವೆ ಸ್ಕ್ರೀನಿನ ಅಡಿಯಲ್ಲಿ ಒಂದು ಟಿಕ್ಕರ್ ಹರಿದು ಹೋಗುತ್ತಿತ್ತು: ‘ಅಮೆರಿಕದಲ್ಲಿ ಜನ್ಮಸಿದ್ಧ ಪೌರತ್ವ ರದ್ದು’. ಅಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಅಲ್ಲಿನ ಪ್ರಜೆ ಎಂಬ ಹಕ್ಕು ಅದು. ಬಿಜೈಯ ಒಂದು ಮನೆಯಿಂದ ಏಳೂವರೆಗೇ ಫೋನು. “ಮಾರಾಯ್ರೆ, ಪೌರತ್ವ ರದ್ದು ಅಂತ ಬರ್ತಾ ಉಂಟು. ನಮ್ಮ ಪುಳ್ಳಿಯ ಪಾಸ್‌ಪೋರ್ಟ್ ಎಂತ ಆಗ್ತದೆ?” ಮೊಮ್ಮಗು ನ್ಯೂಜೆರ್ಸಿಯಲ್ಲಿ ಹುಟ್ಟಿ ಎರಡು ವರ್ಷ ಆಗಿತ್ತು. ಮಗಳು ಮತ್ತೆ ಬಸುರಿ, ದಿನ ತುಂಬುವುದು ಮಾರ್ಚಿನಲ್ಲಿ.

ಉತ್ತರ ಶ್ವೇತಭವನದ ವೆಬ್‌ಸೈಟಿನಲ್ಲೇ ಇತ್ತು. ಟ್ರಂಪ್ ಸಹಿ ಹಾಕಿದ ಆದೇಶ ಉದ್ದವೇನಲ್ಲ, ಎರಡನೇ ಕಲಂ ಓದಿದರೆ ಸಾಕು. ಅದು ಎರಡು ಬಗೆಯ ಮಕ್ಕಳನ್ನು ಹೆಸರಿಸುತ್ತದೆ. ತಾಯಿ ಅಕ್ರಮವಾಗಿ ದೇಶದಲ್ಲಿದ್ದು, ತಂದೆ ಅಮೆರಿಕದ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡ್ ಇರುವವರೂ ಅಲ್ಲ ಎಂಬುದು ಮೊದಲನೆಯದು. ತಾಯಿ ಸಕ್ರಮವಾಗಿಯೇ ಇದ್ದರೂ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಮತ್ತೆ ಎರಡೂ ಇಲ್ಲ ಎಂಬುದು ಎರಡನೆಯದು. ಎಚ್‌-1ಬಿ ಎಂಬ ಉದ್ಯೋಗ ವೀಸಾ, ವಿದ್ಯಾರ್ಥಿ ವೀಸಾ ಎಲ್ಲವೂ ಈ ಎರಡನೆಯದರಲ್ಲಿ ಬಂತು. ಆದೇಶ ಹೊರಟು 30 ದಿನ ಕಳೆದ ಮೇಲೆ ಹುಟ್ಟುವವರಿಗೆ ಮಾತ್ರ ಇದು ಅನ್ವಯ. ಎರಡು ವರ್ಷದ ಪುಳ್ಳಿಗೆ ಏನೂ ಆಗುವುದಿಲ್ಲ, ಚಿಂತೆ ಮಾಡಬೇಕಾದ್ದು ಮಾರ್ಚಿನದ್ದಕ್ಕೆ.

ಟ್ರಂಪ್ ಪರ ಚಾನೆಲ್ ‘ಅಕ್ರಮ ವಲಸಿಗರಿಗೆ ಬಾಗಿಲು ಬಂದ್’ ಎಂದಿತು, ವಿರೋಧಿ ಚಾನೆಲ್ ‘ಸಂವಿಧಾನಕ್ಕೆ ಕೊಡಲಿ’ ಎಂದಿತು. ಎರಡನೇ ಬಗೆಯ ತಂದೆತಾಯಿಯರನ್ನು ಆ ಹೊತ್ತಿಗೆ ಇಬ್ಬರೂ ಬಿಟ್ಟರು. ಕರಾವಳಿಯಲ್ಲಿ ಎಷ್ಟು ಮನೆಗಳಲ್ಲಿ ಆ ಬಗೆಯವರು ಇದ್ದಾರೆಂದು ಮಣಿಪಾಲದ ಕಡೆ ಒಂದು ಮದುವೆಗೆ ಹೋದರೆ ತಿಳಿಯುತ್ತದೆ. ರದ್ದು ಎಂಬ ಶಬ್ದವೇ ತಪ್ಪಾಗಿತ್ತು. 1868ರ 14ನೇ ತಿದ್ದುಪಡಿಯಲ್ಲಿರುವ ಹಕ್ಕನ್ನು, 1898ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಹಕ್ಕನ್ನು, ಒಂದು ಕಾರ್ಯಾದೇಶ ಅಳಿಸಲಾರದು. ‘ನಿರ್ಬಂಧಿಸಲು ಆದೇಶ’ ಎಂದಿದ್ದರೆ ಸರಿಯಿತ್ತು, ಆದರೆ ಟಿಕ್ಕರಿಗೆ ಎರಡಕ್ಷರದ ‘ರದ್ದು’ ತರದ ಶಬ್ದ ಬೇಕು.

23ರಂದು ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶ ಜಾನ್ ಕಾಫನೌರ್ ಆದೇಶಕ್ಕೆ ತಾತ್ಕಾಲಿಕ ತಡೆ ಕೊಟ್ಟರು. ಅವರನ್ನು ನೇಮಿಸಿದ್ದು ಟ್ರಂಪ್ ಪಕ್ಷದವರೇ ಆದ ರೇಗನ್. ಅಲ್ಲಿ ಬೆಳಗಿನ ಕಲಾಪ, ಇಲ್ಲಿ ಮಧ್ಯರಾತ್ರಿಯ ಹತ್ತಿರ. 24ರ ನಗರದ ಪುಟದಲ್ಲಿ ಒಂದು ಜಾಹೀರಾತು ಬಾರದೆ ಬಿಟ್ಟಿದ್ದ ಸಿಂಗಲ್ ಕಾಲಂ ಜಾಗ ಇತ್ತು, ಐದು ಸಾಲು ಹಿಡಿಸಿತು. ಕುಂದಾಪುರದ ಬಂಡಲ್ ಆಗಲೇ ಹೊರಟಿತ್ತು.