ಗ್ಲೌಸ್ ಒರಟಾಗಿದ್ದರೆ ಸಾಕು, ಕೈ ಹಗುರವಿರಲಿ

ಎಕ್ಸ್‌ಫೋಲಿಯೇಟಿಂಗ್ ಗ್ಲೌಸ್, ಅಂದರೆ ಸತ್ತ ಚರ್ಮ ಕಳಚಲು ಮೈ ಉಜ್ಜುವ ಒರಟು ಕೈಗವಸು, ಕೊಂಡವರಲ್ಲಿ ಹೆಚ್ಚಿನವರು ಮೊದಲ ದಿನವೇ ಮೈ ಕೆಂಪಾಗುವ ಹಾಗೆ ಉಜ್ಜಿಕೊಳ್ಳುತ್ತಾರೆ. ಒಂದೆರಡು ದಿನ ಚರ್ಮ ನುಣ್ಣಗಿರುತ್ತದೆ, ಆಮೇಲೆ ಒಣಗಿ ಬಿಗಿಯುತ್ತದೆ, ಹೊಟ್ಟು ಏಳುತ್ತದೆ. ಆ ಹೊಟ್ಟು ತೆಗೆಯಲು ಮತ್ತೆ ಉಜ್ಜುತ್ತಾರೆ. ಇಲ್ಲಿ ತಪ್ಪು ಗ್ಲೌಸಿನದಲ್ಲ, ಅದರ ಹಿಂದಿನ ಬಲದ್ದು.

ಚರ್ಮದ ಮೇಲುಗಡೆ ಇರುವುದು ಸತ್ತ ಜೀವಕೋಶಗಳ ತೆಳು ಪದರ. ಹೊಸ ಕೋಶ ಕೆಳಗೆ ಹುಟ್ಟಿ, ಮೇಲೆ ಬಂದು ಉದುರಲು ಸುಮಾರು 4 ವಾರ ಬೇಕು. ವಯಸ್ಸಾದ ಹಾಗೆ ಇನ್ನೂ ನಿಧಾನ. ಅಂದಮೇಲೆ ದಿನಾ ತಿಕ್ಕಿದರೆ ಕಳಚಲು ತಯಾರಾದದ್ದು ಹೆಚ್ಚೇನೂ ಇರುವುದಿಲ್ಲ. ಹೋಗುವುದು ಮೈಯ ತೇವವನ್ನು ಹಿಡಿದಿಡುವ ಪದರವೇ. ವಾರಕ್ಕೆ 1 ಅಥವಾ 2 ಸಲ ಸಾಕು. ಸೂಕ್ಷ್ಮ ಚರ್ಮದವರಿಗೆ 10 ದಿನಕ್ಕೊಮ್ಮೆಯಾದರೂ ನಡೆಯುತ್ತದೆ.

ಗ್ಲೌಸಿನಲ್ಲಿ ಮುಖ್ಯವಾಗಿ ಎರಡು ಜಾತಿ, ಬಳಸುವ ಕ್ರಮವೂ ಬೇರೆ. ಐದು ಬೆರಳಿನ ನೈಲಾನ್ ಹೆಣಿಗೆಯದನ್ನು ಬಾಡಿ ವಾಶ್ ಜೊತೆ ಬಳಸಬೇಕು, ಒಣ ಮೈಗೆ ಹಚ್ಚಲೇಬಾರದು. ಕೆಸ್ಸಾ ಎಂದು ಮಾರುವ, ಚೀಲದಂತಿರುವ ವಿಸ್ಕೋಸ್ ಗ್ಲೌಸಿಗೆ ಸೋಪು ಬೇಡ; ಸೋಪಿನ ಜಾರಿಕೆಗೆ ಅದರ ಹಿಡಿತ ಸಿಗುವುದಿಲ್ಲ. ಮೊದಲೇ ಸೋಪು ಹಚ್ಚಿದ್ದರೆ ಪೂರ್ತಿ ತೊಳೆದುಕೊಂಡು, ನೀರು ನಿಲ್ಲಿಸಿ, ಒದ್ದೆ ಮೈಯನ್ನು ಉಜ್ಜಬೇಕು. ಯಾವುದೇ ಆಗಲಿ, ಹೊಸದನ್ನು ನೆನೆಸಿ ಮುಂಗೈಯ ಒಳಬದಿಗೆ ಎರಡು ಸಲ ಎಳೆದು ನೋಡಿ. ಅಲ್ಲೇ ಚುರುಗುಟ್ಟಿದರೆ ಅದು ನಿಮಗೆ ಅತಿ ಒರಟು.

ನಿಜವಾದ ಕೆಲಸ ಮಾಡುವುದು ನೆನೆಸುವಿಕೆ. ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ಮೈ ನೆನೆದರೆ ಸತ್ತ ಪದರ ನೀರು ಕುಡಿದು ಉಬ್ಬಿ ಸಡಿಲವಾಗುತ್ತದೆ. ಸುಡುವ ನೀರು ಬೇಡ, ಅದು ಚರ್ಮದ ಎಣ್ಣೆಯಂಶವನ್ನೂ ಎಳೆದೊಯ್ಯುತ್ತದೆ. ಸರಿಯಾಗಿ ನೆನೆಯದೆ ಉಜ್ಜಿದರೆ ಏನೂ ಬರುವುದಿಲ್ಲ, ಬರಲಿಲ್ಲವೆಂದು ಕೈ ಬಿಗಿಯಾಗುತ್ತದೆ.

ಒತ್ತಡ ಎಷ್ಟಿರಬೇಕು? ಗ್ಲೌಸ್ ಸಾಗುವಾಗ ಅದರ ಮುಂದೆ ಚರ್ಮ ಮಡಿಕೆ ಬೀಳಬಾರದು. ಮಡಿಕೆ ಬಿದ್ದರೆ ಒತ್ತು ಜಾಸ್ತಿಯಾಯಿತು ಎಂದೇ ಅರ್ಥ. ಕೈಕಾಲಿಗೆ ಉದ್ದನೆಯ ಎಳೆತ, ಹೊಟ್ಟೆ-ಸೊಂಟಕ್ಕೆ ಸುತ್ತು, ಒಂದೊಂದು ಜಾಗಕ್ಕೆ 10–15 ಸೆಕೆಂಡು. ಮೊಣಕೈ, ಮೊಣಕಾಲು, ಹಿಮ್ಮಡಿಗೆ ಇನ್ನೊಂದಿಷ್ಟು ಹೊತ್ತು ಕೊಡಬಹುದು. ಹೊತ್ತು ಮಾತ್ರ, ಬಲವಲ್ಲ. ಬೂದು ಬಣ್ಣದ ಎಳೆ ಎಳೆಯಾಗಿ ಸುರುಳಿ ಬಂದರೆ ಸತ್ತ ಚರ್ಮ ಕಳಚುತ್ತಿದೆ. ಬಾರದಿದ್ದರೂ ಚಿಂತೆಯಿಲ್ಲ, ಅದನ್ನೇ ಗುರಿಯಾಗಿ ಇಟ್ಟುಕೊಂಡವರೇ ಮೈ ಕೆರೆದುಕೊಳ್ಳುವುದು.

ಮುಖಕ್ಕೆ ಈ ಗ್ಲೌಸ್ ಬೇಡ. ಮೊಲೆತೊಟ್ಟು, ಗುಪ್ತಾಂಗಗಳಿಗೂ ಬೇಡ. ಕುತ್ತಿಗೆ, ಕಂಕುಳು, ತೊಡೆಸಂದಿಯ ಕಪ್ಪನ್ನು ಕೊಳೆಯೆಂದು ತಿಳಿದು ತಿಕ್ಕುವವರಿದ್ದಾರೆ. ಕುತ್ತಿಗೆಯ ಹಿಂದೆ ದಪ್ಪಗೆ, ಮಖಮಲ್ಲಿನಂತೆ ಕಾಣುವ ಕಪ್ಪು ಎಷ್ಟೋ ಸಲ ಇನ್ಸುಲಿನ್ ಏರುಪೇರಿನ ಸೂಚನೆ. ಅದಕ್ಕೆ ಬೇಕಾದದ್ದು ವೈದ್ಯರು, ಗ್ಲೌಸಲ್ಲ. ಇನ್ನು, ನೈಲಾನಿನಿಂದ ವರ್ಷಗಟ್ಟಲೆ ಬಲವಾಗಿ ಉಜ್ಜುತ್ತಾ ಬಂದರೆ ಕೊರಳೆಲುಬು, ಬೆನ್ನು, ಮೊಣಕಾಲ ಕೆಳಗಿನ ಮುಂಗಾಲು, ಹೀಗೆ ಮೂಳೆ ಮೇಲೆದ್ದ ಕಡೆಯೆಲ್ಲ ಕಂದು ಕಲೆ ಕೂರುತ್ತದೆ. ಇದಕ್ಕೆ ಫ್ರಿಕ್ಷನ್ ಮೆಲನೋಸಿಸ್ ಎನ್ನುತ್ತಾರೆ. ನೈಲಾನ್ ಟವೆಲ್ಲಿನಿಂದ ಹೀಗಾಗುವುದನ್ನು ಜಪಾನಿನ ಚರ್ಮವೈದ್ಯರು ದಶಕಗಳ ಹಿಂದೆಯೇ ದಾಖಲಿಸಿದ್ದಾರೆ. ಬಣ್ಣ ಚರ್ಮದ ಆಳಕ್ಕೆ ಇಳಿದಿರುವುದರಿಂದ ಉಜ್ಜುವುದು ನಿಲ್ಲಿಸಿದರೂ ಮಾಸಲು ತಿಂಗಳುಗಳೇ ಬೇಕು. ಬೆಳ್ಳಗಾಗಲೆಂದು ಉಜ್ಜುವವರು ಇದನ್ನು ಎರಡು ಸಲ ಓದಿಕೊಳ್ಳಿ.

ತೋಳಿನ ಹಿಂಬದಿಯಲ್ಲಿ ಕೈಗೆ ಮರಳಿನಂತೆ ಸಿಗುವ ಸಣ್ಣ ಗುಳ್ಳೆಗಳೂ ಉಜ್ಜಿದರೆ ಹೋಗುವುದಿಲ್ಲ, ಕೆಂಪಾಗುತ್ತವೆ ಅಷ್ಟೇ. ಅಲ್ಲಿ ಲ್ಯಾಕ್ಟಿಕ್ ಆ್ಯಸಿಡ್ ಅಥವಾ 10% ಯೂರಿಯಾ ಇರುವ ಲೋಷನ್ ಹೆಚ್ಚು ಉಪಯೋಗ.

ಶೇವ್ ಮಾಡುವುದಿದ್ದರೆ ಉಜ್ಜುವುದು ಮೊದಲು, ಬ್ಲೇಡು ಆಮೇಲೆ. ವ್ಯಾಕ್ಸಿಂಗ್ ಇದ್ದರೆ ಹಿಂದಿನ ದಿನ ಉಜ್ಜಿ, ಮಾಡಿಸಿದ ಮೇಲೆ 2–3 ದಿನ ಬಿಡಿ. ರೆಟಿನಾಯ್ಡ್ ಅಥವಾ ಗ್ಲೈಕೋಲಿಕ್ ಆ್ಯಸಿಡ್ ಹಚ್ಚುವ ಜಾಗಕ್ಕೆ ಅದೇ ದಿನ ಗ್ಲೌಸ್ ಮುಟ್ಟಿಸಬೇಡಿ. ಗಾಯ, ಬಿಸಿಲಿಗೆ ಸುಟ್ಟ ಚರ್ಮ, ಇಸುಬು, ಕೀವು ತುಂಬಿದ ಮೊಡವೆ ಇದ್ದರೆ ಆ ಜಾಗ ಬಿಟ್ಟುಬಿಡಿ. ಸೋರಿಯಾಸಿಸ್ ಇರುವವರಲ್ಲಿ ಉಜ್ಜಿದ ಕಡೆಯೇ ಹೊಸ ಮಚ್ಚೆ ಏಳಬಹುದು. ನರಹುಲಿ, ಹುಳುಕಡ್ಡಿಯ ಮೇಲೆ ಆಡಿಸಿದ ಗ್ಲೌಸ್ ಸೋಂಕನ್ನು ಬೇರೆ ಜಾಗಕ್ಕೂ ಹರಡುತ್ತದೆ.

ತೊಳೆದುಕೊಂಡ ಮೇಲೆ ಟವೆಲ್ಲನ್ನು ಒತ್ತಿ ನೀರು ತೆಗೆಯಿರಿ, ಮತ್ತೆ ಉಜ್ಜಬೇಡಿ. ಮೈ ಇನ್ನೂ ಪಸೆ ಪಸೆ ಇರುವಾಗಲೇ, 3 ನಿಮಿಷದೊಳಗೆ, ಸುಗಂಧವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಹಚ್ಚಿದಾಗ ಉರಿದರೆ ಅತಿಯಾಗಿ ಉಜ್ಜಿದ್ದೀರಿ. ಮುಂದಿನ ವಾರ ಗ್ಲೌಸಿಗೆ ರಜೆ.

ಒದ್ದೆ ಗ್ಲೌಸ್ ಬಾತ್‌ರೂಮಿನ ಮೂಲೆಯಲ್ಲೇ ಬಿದ್ದಿದ್ದರೆ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಬೆಳೆದು, ಕೂದಲ ಬುಡದಲ್ಲಿ ಗುಳ್ಳೆ ಏಳಿಸುತ್ತವೆ. ಪ್ರತಿ ಸಲ ಒಳಮೈ ಹೊರಮಾಡಿ ತೊಳೆದು, ಹಿಂಡಿ, ಗಾಳಿಯಾಡುವ ಕಡೆ ನೇತುಹಾಕಿ. ವಾರಕ್ಕೊಮ್ಮೆ ಬಿಸಿನೀರು-ಡಿಟರ್ಜೆಂಟಿನಲ್ಲಿ ಒಗೆಯಿರಿ. ಒಬ್ಬರದ್ದು ಒಬ್ಬರಿಗೇ, ಮನೆಮಂದಿಗೆಲ್ಲ ಒಂದು ಜೊತೆ ಬೇಡ. ಒಗೆದ ಮೇಲೂ ವಾಸನೆ ಉಳಿದರೆ, ಬೆರಳ ತುದಿಯ ಹೆಣಿಗೆ ಸಡಿಲಾದರೆ ಅಥವಾ ಅಂಗೈ ಭಾಗ ಸವೆದು ಮೆತ್ತಗಾದರೆ ಎಸೆದು ಹೊಸದು ತೆಗೆದುಕೊಳ್ಳಿ.